ಯೂರಿಯಾ ಚೀಲಕ್ಕೆ ಹೆಬ್ಬೆಟ್ಟು, ಹಡಗಿಗೆ ಯಾವ ಲೆಕ್ಕ? ಸರ್ಕಾರಿ ಸರಕು ಮತ್ತು ಭಾರತದ ಧ್ವಜ: ತಿಳಿದಿರಬೇಕಾದ್ದು

ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯಲ್ಲಿ ಕಬ್ಬು ಬೆಳೆಗಾರರೊಬ್ಬರು ಒಂದು ಚೀಲ ಯೂರಿಯಾ ಒಯ್ಯಬೇಕು ಅಂದರೆ ಅಂಗಡಿಯ ಪಿಒಎಸ್ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. 2018ರಿಂದ ದೇಶದ ಎಲ್ಲ ಕಡೆ ಇದೇ ವ್ಯವಸ್ಥೆ. ಯಾರು, ಯಾವತ್ತು, ಎಷ್ಟು ಚೀಲ ಒಯ್ದರು ಅನ್ನೋದು ದೆಹಲಿಯ ಕಂಪ್ಯೂಟರಿಗೆ ಮುಟ್ಟಿದ ಮೇಲೆಯೇ ಕಂಪನಿಗೆ ಸಬ್ಸಿಡಿ.

ಈಗ ಅದೇ ಚೀಲವನ್ನು ಹಿಂದಕ್ಕೆ ಹಿಂಬಾಲಿಸಿ. ಅಂಗಡಿಯಿಂದ ಗೋದಾಮು, ಗೋದಾಮಿನಿಂದ ರೈಲು ರೇಕ್, ಅಲ್ಲಿಂದ ಬಂದರು. ಆಮದು ಯೂರಿಯಾ ಆಗಿದ್ದರೆ ಬಂದರಿನಾಚೆ ಒಂದು ಹಡಗು. 45 ಸಾವಿರ ಟನ್ ಹೊತ್ತ ಒಂದು ಹಡಗು ಅಂದರೆ 45 ಕೆಜಿಯ ಹತ್ತು ಲಕ್ಷ ಚೀಲ. ಆ ಹಡಗಿನ ಮೇಲೆ ಯಾವ ದೇಶದ ಧ್ವಜ ಇತ್ತು? ಭಾರತದ ಹಡಗಿಗೆ ಮೊದಲು ಕೇಳಿದ್ದರಾ? ಕೇಳದಿದ್ದರೆ ಅದಕ್ಕೆ ಯಾರ ಅನುಮತಿ ಇತ್ತು? ಸರ್ಕಾರ ತನಗೆ ತಾನೇ ಹಾಕಿಕೊಂಡ ನಿಯಮ ಈ ಪ್ರಶ್ನೆಗಳಿಗೆ ಉತ್ತರ ಇರಬೇಕು ಅನ್ನುತ್ತೆ. ಆದರೆ ಚೀಲಕ್ಕಿರುವಷ್ಟು ಕಟ್ಟುನಿಟ್ಟಿನ ಲೆಕ್ಕ ಹಡಗಿಗೆ ಇಲ್ಲ.

ಬಾಗಲಕೋಟೆ ಜಿಲ್ಲೆಗೆ ಸಮುದ್ರ ಇಲ್ಲ, ನಮಗ್ಯಾಕೆ ಹಡಗಿನ ಸುದ್ದಿ ಅನ್ನಬೇಡಿ. 2025ರ ಜುಲೈನಲ್ಲಿ ಯೂರಿಯಾ ಕೊರತೆಯಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರ ರಸಗೊಬ್ಬರ ಸಚಿವ ಜೆ.ಪಿ. ನಡ್ಡಾ ಅವರಿಗೆ ಪತ್ರ ಬರೆದರು, ಕೇಂದ್ರ ರಾಜ್ಯದ ಕಡೆ ಬೊಟ್ಟು ಮಾಡಿತು. ಆ ಜಗಳದಲ್ಲಿ ಹಂಚಿಕೆ, ಕಾಳಸಂತೆ, ದಾಸ್ತಾನು ಎಲ್ಲ ಬಂತು. ಹಡಗು ಯಾರದು, ಅದನ್ನು ಗೊತ್ತು ಮಾಡುವ ಅಧಿಕಾರ ಯಾರ ಕೈಲಿ ಅನ್ನೋ ಪ್ರಶ್ನೆ ಬರಲೇ ಇಲ್ಲ. ಈ ಬರಹ ಆ ಪ್ರಶ್ನೆಗೆ.

ನಿಯಮ ಏನು ಹೇಳುತ್ತೆ?

ಎರಡು ಬೇರೆ ಬೇರೆ ವ್ಯವಸ್ಥೆ ಇದೆ, ಕಲಸಿಕೊಳ್ಳಬಾರದು.

ಒಂದು, ಕಾನೂನು. ಇದರ ಮೂಲ 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ 406 ಮತ್ತು 407ನೇ ಸೆಕ್ಷನ್‌ಗಳು. ಭಾರತದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ವಿದೇಶಿ ಹಡಗು ಸರಕು ಒಯ್ಯಬೇಕಾದರೆ ಮುಂಬೈನಲ್ಲಿರುವ ನೌಕಾಯಾನ ಮಹಾನಿರ್ದೇಶಕರ ಪರವಾನಗಿ ಬೇಕು. ಭಾರತೀಯ ಕಂಪನಿ ವಿದೇಶಿ ಹಡಗನ್ನು ಬಾಡಿಗೆಗೆ ಹಿಡಿದು ಓಡಿಸಿದರೂ ಪರವಾನಗಿ ಬೇಕು. ಈ ಮಹಾನಿರ್ದೇಶನಾಲಯವನ್ನೇ ಎಲ್ಲರೂ ಡಿಜಿ ಶಿಪ್ಪಿಂಗ್ ಅನ್ನೋದು.

ಎರಡು, ನೀತಿ. ಕೇಂದ್ರದ ಇಲಾಖೆಗಳು, ರಾಜ್ಯ ಸರ್ಕಾರಗಳು, ಸಾರ್ವಜನಿಕ ಉದ್ಯಮಗಳು ಹೊರದೇಶದಿಂದ ಸರಕು ತರುವಾಗ ಎಫ್‌ಒಬಿ ಕರಾರಿನಲ್ಲಿ ಕೊಳ್ಳಬೇಕು, ಕಳಿಸುವಾಗ ಸಿಐಎಫ್ ಇಲ್ಲವೇ ಸಿಎಫ್‌ಆರ್ ಕರಾರಿನಲ್ಲಿ ಮಾರಬೇಕು. ಎರಡರಲ್ಲೂ ಉದ್ದೇಶ ಒಂದೇ: ಹಡಗು ಗೊತ್ತು ಮಾಡುವ ಹಕ್ಕು ಭಾರತದ ಕಡೆಯೇ ಇರಬೇಕು. ಇದನ್ನು ನೋಡಿಕೊಳ್ಳೋಕೆ 1950ರ ದಶಕದ ಕೊನೆಯಲ್ಲೇ ಒಂದು ವಿಭಾಗ ಹುಟ್ಟಿತು, ಹೆಸರು ಟ್ರಾನ್ಸ್‌ಚಾರ್ಟ್. ಈಗ ಅದು ಬಂದರು, ನೌಕಾಯಾನ ಮತ್ತು ಜಲಮಾರ್ಗ ಸಚಿವಾಲಯದ ಅಡಿಯಲ್ಲಿದೆ. ನೀತಿ ಬಿಟ್ಟು ನಡೆಯಬೇಕಾದ ಇಲಾಖೆ ಮೊದಲೇ ಅನುಮತಿ ಪಡೆಯಬೇಕು.

ಮೂರನೆಯ ತುಣುಕು ಇವೆರಡನ್ನೂ ಜೋಡಿಸುತ್ತೆ. ಮೊದಲ ನಿರಾಕರಣೆಯ ಹಕ್ಕು ಅಂತ ಅದರ ಹೆಸರು. ಹಡಗಿನ ಟೆಂಡರಿನಲ್ಲಿ ಕಡಿಮೆ ದರ ವಿದೇಶಿ ಹಡಗಿನದ್ದಾದರೆ, ಅದೇ ಟೆಂಡರಿನಲ್ಲಿದ್ದ ಭಾರತೀಯ ಹಡಗಿಗೆ 'ಈ ದರಕ್ಕೆ ನೀವು ಬರ್ತೀರಾ?' ಅಂತ ಕೇಳಬೇಕು. ಒಪ್ಪಿದರೆ ಸರಕು ಅವರದು. ಒಲ್ಲೆ ಅಂದರೆ ಮಾತ್ರ ವಿದೇಶಿ ಹಡಗಿಗೆ ಪರವಾನಗಿ. 2020ರ ಅಕ್ಟೋಬರ್‌ನಲ್ಲಿ ಇದನ್ನು ಪರಿಷ್ಕರಿಸಿ, ಭಾರತದಲ್ಲೇ ಕಟ್ಟಿದ, ಭಾರತದ ಧ್ವಜದ, ಭಾರತೀಯರ ಮಾಲಿಕತ್ವದ ಹಡಗಿಗೆ ಸಾಲಿನಲ್ಲಿ ಮೊದಲ ಜಾಗ ಕೊಟ್ಟರು.

ಎಫ್‌ಒಬಿ, ಸಿಎಫ್‌ಆರ್: ಕಬ್ಬಿನ ಲೆಕ್ಕದಲ್ಲಿ

ರನ್ನ ಬೆಳಗಲಿ, ಮಹಾಲಿಂಗಪುರ, ಸಮೀರವಾಡಿ ಕಡೆಯವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಅನ್ನೋದು ಕಾರ್ಖಾನೆ ಗೇಟಿಗೆ ಮುಟ್ಟಿದ ಕಬ್ಬಿನ ದರ. 2025-26ರ ಹಂಗಾಮಿಗೆ 10.25ರ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ಮುರಿದುಕೊಂಡು ಉಳಿದದ್ದು ರೈತನ ಕೈಗೆ. ಗ್ಯಾಂಗ್ ಕಳಿಸೋದು, ಗಾಡಿ ಹಚ್ಚೋದು ಸಾಮಾನ್ಯವಾಗಿ ಕಾರ್ಖಾನೆಯ ಕೈಲಿ. 2025ರ ನವೆಂಬರ್‌ನಲ್ಲಿ ಮುಧೋಳ ಭಾಗದ ಬೆಳೆಗಾರರು ಬೀದಿಗಿಳಿದಾಗಲೂ ದರದ ಜತೆ ಈ ಕಟಾವು-ಸಾಗಣೆಯ ಲೆಕ್ಕ ಕಾಡಿದ್ದು ಸುಳ್ಳಲ್ಲ. ಗಾಡಿ ಯಾರು ಗೊತ್ತು ಮಾಡ್ತಾರೋ ಬಿಲ್ಲಿನ ಮೇಲೆ ಹಿಡಿತ ಅವರದೇ.

ಸಮುದ್ರದಲ್ಲೂ ಅಷ್ಟೇ. ಎಫ್‌ಒಬಿ ಅಂದರೆ ಮಾರುವವನು ಸರಕನ್ನು ತನ್ನ ಬಂದರಿನಲ್ಲಿ ಹಡಗಿಗೆ ಏರಿಸಿ ಕೈ ತೊಳೆದುಕೊಳ್ಳುತ್ತಾನೆ. ಹಡಗು ತರೋದು, ಬಾಡಿಗೆ ಕಟ್ಟೋದು ಕೊಳ್ಳುವವನು. ಸಿಎಫ್‌ಆರ್ ಅಂದರೆ ಹಡಗನ್ನೂ ಮಾರುವವನೇ ಗೊತ್ತು ಮಾಡಿ, ಬಾಡಿಗೆ ಸೇರಿಸಿ ಒಂದೇ ದರ ಹೇಳುತ್ತಾನೆ. ಅದಕ್ಕೆ ವಿಮೆಯೂ ಸೇರಿದರೆ ಸಿಐಎಫ್.

ಎಫ್‌ಒಬಿಯಲ್ಲಿ ಕೊಂಡರೆ ಹಡಗಿಗೆ ಬೇರೆ ಟೆಂಡರ್ ಆಗುತ್ತೆ, ಭಾರತದ ಹಡಗಿಗೆ ಒಂದು ಬಾಗಿಲು ತೆರೆಯುತ್ತೆ. ಸಿಎಫ್‌ಆರ್‌ನಲ್ಲಿ ಕೊಂಡರೆ ಆ ಬಾಗಿಲೇ ಇರೋದಿಲ್ಲ. ಹಡಗನ್ನು ಬಾಡಿಗೆಗೆ ಹಿಡಿದವನು ವಿದೇಶಿ ವ್ಯಾಪಾರಿ, ಹಡಗು ಬರುತ್ತಿರೋದು ಹೊರದೇಶದಿಂದ. ಡಿಜಿ ಶಿಪ್ಪಿಂಗ್ ಪರವಾನಗಿಯ ಪ್ರಶ್ನೆ ಏಳುವುದಿಲ್ಲ. ಮೊದಲ ನಿರಾಕರಣೆಯ ಹಕ್ಕು ಕಾಗದದ ಮೇಲೆ ಹಾಗೇ ಇರುತ್ತೆ, ಚಲಾಯಿಸುವ ಜಾಗ ಮಾತ್ರ ಇಲ್ಲ.

ಸರ್ಕಾರದ ಯೂರಿಯಾ ಟೆಂಡರ್ ಹೇಗಿರುತ್ತೆ?

ಯೂರಿಯಾವನ್ನು ಯಾರು ಬೇಕಾದರೂ ಆಮದು ಮಾಡುವಂತಿಲ್ಲ. ಕೇಂದ್ರದ ರಸಗೊಬ್ಬರ ಇಲಾಖೆಯ ಲೆಕ್ಕದಲ್ಲಿ ಐಪಿಎಲ್, ಎನ್‌ಎಫ್‌ಎಲ್, ಆರ್‌ಸಿಎಫ್‌ನಂಥ ಗೊತ್ತುಪಡಿಸಿದ ಸಂಸ್ಥೆಗಳು ಜಾಗತಿಕ ಟೆಂಡರ್ ಕರೆದು ತರುತ್ತವೆ. 2023-24ರಲ್ಲಿ ಸುಮಾರು 70 ಲಕ್ಷ ಟನ್ ಬಂತು. 2020-21ರಲ್ಲಿ 98 ಲಕ್ಷ ಟನ್ ದಾಟಿತ್ತು. 'ಸರ್ಕಾರಿ ಸರಕು' ಅನ್ನೋ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗೋದು ಕಷ್ಟ.

ಈ ಟೆಂಡರುಗಳ ಸುದ್ದಿಯನ್ನು ಗೊಬ್ಬರ ಮಾರುಕಟ್ಟೆಯ ಪತ್ರಿಕೆಗಳಲ್ಲಿ ಓದಿದರೆ ಒಂದು ಪದ ಮತ್ತೆ ಮತ್ತೆ ಕಾಣುತ್ತೆ: ಪಶ್ಚಿಮ ಕರಾವಳಿ ಸಿಎಫ್‌ಆರ್ ಇಷ್ಟು ಡಾಲರ್, ಪೂರ್ವ ಕರಾವಳಿ ಸಿಎಫ್‌ಆರ್ ಇಷ್ಟು ಡಾಲರ್. ಅಂದರೆ ಹಡಗು ಸೇರಿದ ದರ. ನೀತಿ ಎಫ್‌ಒಬಿ ಅನ್ನುತ್ತೆ, ಟೆಂಡರ್ ಸಿಎಫ್‌ಆರ್ ಅನ್ನುತ್ತೆ.

ಇಷ್ಟಕ್ಕೇ 'ಹಗರಣ' ಅಂತ ಪೋಸ್ಟ್ ಹಾಕಬೇಡಿ. ಅನುಮತಿ ಪಡೆದು ನೀತಿಯಿಂದ ಆಚೆ ಹೋಗೋದಕ್ಕೆ ನೀತಿಯಲ್ಲೇ ದಾರಿ ಇದೆ, ಸಿಎಫ್‌ಆರ್ ಅಂದ ತಕ್ಷಣ ಉಲ್ಲಂಘನೆ ಅಲ್ಲ. ಆದರೆ ಪ್ರತಿ ವರ್ಷ, ಲಕ್ಷಾಂತರ ಟನ್ನಿಗೆ ವಿನಾಯಿತಿಯೇ ರೂಢಿಯಾದರೆ, ಆ ವಿನಾಯಿತಿ ಯಾವ ಆದೇಶದಲ್ಲಿದೆ, ಯಾವ ಕಾರಣಕ್ಕಿದೆ, ಎಲ್ಲಿಯವರೆಗಿದೆ ಅನ್ನೋದು ಜನರಿಗೆ ಕಾಣಬೇಕು. ಉಸ್ತುವಾರಿ ಅಂದರೆ ಅದೇ.

ಕಚ್ಚಾ ತೈಲದ ಕಥೆಯೂ ಇದಕ್ಕೆ ಹತ್ತಿರದ್ದೇ. ಮಂಗಳೂರಿನ ಎಂಆರ್‌ಪಿಎಲ್ 2003ರಿಂದ ಒಎನ್‌ಜಿಸಿಯ ಅಂಗಸಂಸ್ಥೆ, ಹಾಗಾಗಿ ಅದರ ಕಚ್ಚಾ ತೈಲವೂ ಸಾರ್ವಜನಿಕ ಉದ್ಯಮದ ಸರಕು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸರ್ಕಾರಿ ತೈಲ ಕಂಪನಿಗಳಿಗೆ ಕಚ್ಚಾ ತೈಲ ಆಮದಿಗೆ ತಮ್ಮದೇ ನೀತಿ ರೂಪಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತು. ವ್ಯಾಪಾರದ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ತೀರ್ಮಾನ ಹತ್ತು ಕಡೆ ಹಂಚಿಹೋದಷ್ಟೂ ಒಟ್ಟು ಲೆಕ್ಕ ಒಂದು ಕಡೆ ಸಿಗೋದು ಕಷ್ಟವಾಗುತ್ತೆ.

ಈ ನಿಯಮ ಹುಟ್ಟಿದ್ದೇಕೆ?

ಹಡಗಿನ ಜಗಳ ಸ್ವಾತಂತ್ರ್ಯ ಹೋರಾಟದ ಒಂದು ಭಾಗ. ವಿ.ಒ. ಚಿದಂಬರಂ ಪಿಳ್ಳೈ 1906ರಲ್ಲಿ ತೂತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದರು, ಬ್ರಿಟಿಷರು ಅವರನ್ನು ಜೈಲಿಗೆ ಹಾಕಿದರು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬೈನಿಂದ ಹೊರಟಿತು. ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸೋದು ಆ ದಿನವನ್ನೇ. 1928ರಲ್ಲಿ ಸಾರಾಭಾಯಿ ಹಾಜಿ ಕರಾವಳಿ ಸಾಗಣೆಯನ್ನು ಭಾರತೀಯ ಹಡಗುಗಳಿಗೇ ಮೀಸಲಿಡಬೇಕು ಅಂತ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ತಂದರು. 1947ರಲ್ಲಿ ಸಿ.ಪಿ. ರಾಮಸ್ವಾಮಿ ಅಯ್ಯರ್ ಅಧ್ಯಕ್ಷತೆಯ ಸಮಿತಿ ಗುರಿ ಹಾಕಿಕೊಟ್ಟಿತು: ಕರಾವಳಿ ವ್ಯಾಪಾರದ ಪೂರ್ತಿ ಪಾಲು, ನೆರೆದೇಶಗಳ ವ್ಯಾಪಾರದಲ್ಲಿ ಶೇ 75, ದೂರದೇಶಗಳ ವ್ಯಾಪಾರದಲ್ಲಿ ಶೇ 50 ಭಾರತೀಯ ಹಡಗುಗಳಿಗೆ. 1961ರ ಅಕ್ಟೋಬರ್ 2ರಂದು ಎರಡು ಸರ್ಕಾರಿ ಕಂಪನಿಗಳನ್ನು ಸೇರಿಸಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಮಾಡಿದರು.

ಎಲ್ಲಿಗೆ ಮುಟ್ಟಿದೆವು? ಕೇಂದ್ರ ಸರ್ಕಾರವೇ 2021ರಲ್ಲಿ ಕೊಟ್ಟ ಅಂಕಿ: ಭಾರತದ ಆಮದು-ರಫ್ತು ಸಾಗಣೆಯಲ್ಲಿ ಭಾರತೀಯ ಹಡಗುಗಳ ಪಾಲು 1987-88ರಲ್ಲಿ ಶೇ 40.7 ಇದ್ದದ್ದು 2018-19ರ ಹೊತ್ತಿಗೆ ಸುಮಾರು ಶೇ 7.8ಕ್ಕೆ ಇಳಿದಿತ್ತು. ಆ ಒಂದೇ ವರ್ಷ ವಿದೇಶಿ ಹಡಗು ಕಂಪನಿಗಳಿಗೆ ಬಾಡಿಗೆಯಾಗಿ ಹೋದದ್ದು ಸುಮಾರು 5,300 ಕೋಟಿ ಡಾಲರ್.

2021ರ ಸಬ್ಸಿಡಿ ಮತ್ತು ಅದರ ಉಸ್ತುವಾರಿ

ಭಾರತದ ಧ್ವಜ ಹಾರಿಸಿದರೆ ಹಡಗು ಓಡಿಸುವ ಖರ್ಚು ಸುಮಾರು ಶೇ 20 ಜಾಸ್ತಿ ಅಂತ ಸರ್ಕಾರವೇ ಒಪ್ಪಿದೆ. ಸಾಲದ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಹಡಗು ಆಮದಿಗೆ ಐಜಿಎಸ್‌ಟಿ, ಭಾರತೀಯ ಹಡಗಿನಲ್ಲಿ ದುಡಿಯುವ ನಾವಿಕರ ಸಂಬಳಕ್ಕೆ ತೆರಿಗೆ. ಅದೇ ಕೆಲಸ ಮಾಡುವ ವಿದೇಶಿ ಹಡಗಿಗೆ ಇವು ಯಾವುದೂ ಇಲ್ಲ. ಹಾಗಾಗಿ ಕಡಿಮೆ ದರಕ್ಕೆ ಸರಿಗಟ್ಟು ಅಂದರೆ ಭಾರತೀಯ ಹಡಗಿನವನು ಕೈ ಎತ್ತುತ್ತಾನೆ. ಹಕ್ಕು ಇದ್ದೂ ಬಳಸೋಕೆ ತಾಕತ್ತಿಲ್ಲ.

ಅದಕ್ಕೇ 2021ರ ಜುಲೈ 14ರಂದು ಸಂಪುಟ ಐದು ವರ್ಷಕ್ಕೆ 1,624 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಇಲಾಖೆಗಳು ಮತ್ತು ಕೇಂದ್ರ ಉದ್ಯಮಗಳ ಜಾಗತಿಕ ಟೆಂಡರಿನಲ್ಲಿ ಭಾರತೀಯ ಹಡಗಿಗೆ ಶೇ 5ರಿಂದ 15ರವರೆಗೆ ಬೆಂಬಲ. ಹಡಗು ಎಷ್ಟು ಹಳೆಯದು, 2021ರ ಫೆಬ್ರುವರಿ 1ರ ಮುಂಚೆ ಧ್ವಜ ಪಡೆದದ್ದಾ ಆಮೇಲಾ ಅನ್ನೋದರ ಮೇಲೆ ದರ. 20 ವರ್ಷ ದಾಟಿದ ಹಡಗಿಗೆ ಇಲ್ಲ. ಹಣ ಸಂಬಂಧಪಟ್ಟ ಸಚಿವಾಲಯದ ಮೂಲಕ ಹೋಗುತ್ತೆ. ನೋಡಿಕೊಳ್ಳೋಕೆ ಎರಡು ಹಂತದ ಸಮಿತಿ: ಒಂದು ಉನ್ನತ ಪರಿಶೀಲನಾ ಸಮಿತಿ, ಅದರ ಕೆಳಗೆ ಯೋಜನಾ ಪರಿಶೀಲನಾ ಸಮಿತಿ.

ನನ್ನ ತಕರಾರು ಇರೋದು ಇಲ್ಲಿ. ಹಣ ಕೊಡುವವರು, ಹಡಗು ಗೊತ್ತು ಮಾಡುವವರು, ವಿನಾಯಿತಿ ಕೇಳುವವರು, ಅದನ್ನು ಕೊಡುವವರು, ಪರಿಶೀಲಿಸುವವರು ಎಲ್ಲ ಒಂದೇ ಸರ್ಕಾರದ ಒಳಗಿನವರು. ಒಂದು ಸಚಿವಾಲಯ ಇನ್ನೊಂದು ಸಚಿವಾಲಯಕ್ಕೆ 'ಯಾಕೆ ಹೀಗೆ ಮಾಡಿದಿರಿ?' ಅಂತ ಕೇಳಬೇಕು. ಕೇಳದಿದ್ದರೆ ಏನೂ ಆಗಲ್ಲ. ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ ಓದಿದವರಿಗೆ ಇದು ಗೊತ್ತು: ಔಟ್‌ಪುಟ್ ಅಳೆಯದೆ ಬರೀ ಇನ್‌ಪುಟ್ ಜಾಸ್ತಿ ಮಾಡುತ್ತಾ ಹೋದರೆ ಅದು ನಿಯಂತ್ರಣ ಅಲ್ಲ.

2025ರ ಹೊಸ ಕಾನೂನುಗಳು ಇದನ್ನು ಸರಿಮಾಡಿದವಾ?

2025ರ ಮುಂಗಾರು ಅಧಿವೇಶನದಲ್ಲಿ ಸಂಸತ್ತು ಹಡಗು ಮತ್ತು ಬಂದರಿನ ಹಳೇ ಕಾನೂನುಗಳನ್ನು ಹೆಚ್ಚುಕಡಿಮೆ ಪೂರ್ತಿ ಹೊಸದಾಗಿ ಬರೆಯಿತು. 1958ರ ಕಾಯ್ದೆಯ ಜಾಗಕ್ಕೆ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆ. ಕರಾವಳಿ ಸಾಗಣೆಗೇ ಪ್ರತ್ಯೇಕವಾಗಿ ಕರಾವಳಿ ನೌಕಾಯಾನ ಕಾಯ್ದೆ. ವಿದೇಶಿ ಹಡಗಿಗೆ ಪರವಾನಗಿ ಬೇಕು ಅನ್ನೋದು ಉಳಿಯಿತು. ಪರವಾನಗಿ ಇಲ್ಲದೆ ಓಡಿಸಿದರೆ 15 ಲಕ್ಷ ರೂಪಾಯಿ ಅಥವಾ ಆ ಯಾನದ ಲಾಭದ ನಾಲ್ಕು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. ಕರಾವಳಿ ಸಾಗಣೆಗೆ ಒಂದು ರಾಷ್ಟ್ರೀಯ ದತ್ತಾಂಶ ಕೋಶವೂ ಬರಬೇಕು. ಸೆಪ್ಟೆಂಬರ್‌ನಲ್ಲಿ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿಯ ಪ್ಯಾಕೇಜ್ ಬೇರೆ ಘೋಷಣೆಯಾಯಿತು.

ಗಮನಿಸಿ, ದಂಡ ಬೀಳೋದು ಹಡಗಿನವನಿಗೆ. ಎಫ್‌ಒಬಿ ನೀತಿ ಮುರಿದ ಇಲಾಖೆಗೆ ದಂಡ ಇಲ್ಲ, ಯಾಕಂದರೆ ಅದು ಕಾಯ್ದೆಯ ಕಲಮಲ್ಲ, ಸರ್ಕಾರದ ಆಂತರಿಕ ನೀತಿ. ದತ್ತಾಂಶ ಕೋಶ ಕರಾವಳಿಯದ್ದು. ಹೊರದೇಶದಿಂದ ಬರುವ ಯೂರಿಯಾ ಹಡಗು ಅದರ ವ್ಯಾಪ್ತಿಗೆ ಸಲೀಸಾಗಿ ಬರೋದಿಲ್ಲ.

ಅಮೆರಿಕದಲ್ಲಿ ಹೇಗೆ?

ಅಮೆರಿಕದಲ್ಲಿ ಇದು ಕಾಯ್ದೆ. ಸೈನ್ಯದ ಸರಕಿಗೆ 1904ರದ್ದು, ಉಳಿದ ಸರ್ಕಾರಿ ಸರಕಿಗೆ 1954ರದ್ದು. 1954ರ ಕಾಯ್ದೆಯ ಪ್ರಕಾರ ಕನಿಷ್ಠ ಅರ್ಧ ತೂಕ ಅಮೆರಿಕದ ಧ್ವಜದ ಹಡಗಿನಲ್ಲಿ ಹೋಗಬೇಕು. ಹಳೇ ತಲೆಮಾರಿನವರಿಗೆ ಪಿಎಲ್-480 ಗೋಧಿ ನೆನಪಿರುತ್ತೆ. ಅಮೆರಿಕದಿಂದ ನಮಗೆ ಬಂದ ಆ ಗೋಧಿಗೂ ಇದೇ ಷರತ್ತು ಅನ್ವಯಿಸುತ್ತಿತ್ತು.

ಅಲ್ಲಿ ನೋಡಿಕೊಳ್ಳೋದು ಮಾರಿಟೈಮ್ ಅಡ್ಮಿನಿಸ್ಟ್ರೇಷನ್. ಪ್ರತಿ ಸಾಗಣೆಯ ಬಿಲ್ ಆಫ್ ಲೇಡಿಂಗ್ ಪ್ರತಿಯನ್ನು, ಅಂದರೆ ಹಡಗಿನವರು ಕೊಡುವ ಸರಕು ರಸೀದಿಯನ್ನು, ಇಲಾಖೆಗಳು ಗೊತ್ತಾದ ಗಡುವಿನೊಳಗೆ ಅದಕ್ಕೆ ಕಳಿಸಬೇಕು. 2008ರಲ್ಲಿ ಅದಕ್ಕೆ ಹಲ್ಲು ಕೊಟ್ಟರು: ಬೇಕೆಂದೇ ಉಲ್ಲಂಘಿಸಿದರೆ ದಿನಕ್ಕೆ 25,000 ಡಾಲರ್‌ವರೆಗೆ ದಂಡ, ತಪ್ಪಿಸಿದ ಪಾಲನ್ನು ಮುಂದಿನ ಸರಕಿನಲ್ಲಿ ತುಂಬಿಕೊಡುವ ಆದೇಶ. ಆದರೆ 2022ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಹೇಳಿದ್ದು, ಆ ಅಧಿಕಾರ ಚಲಾಯಿಸೋಕೆ ಬೇಕಾದ ನಿಯಮಗಳನ್ನೇ ಇನ್ನೂ ಮಾಡಿಲ್ಲ ಅಂತ. ಕಾಯ್ದೆ ಇದ್ದರೂ ತನ್ನದೇ ಇಲಾಖೆಗೆ ದಂಡ ಹಾಕೋದು ಯಾವ ಸರ್ಕಾರಕ್ಕೂ ಇಷ್ಟವಿಲ್ಲ. ಆದರೂ ಅಲ್ಲಿ ರಸೀದಿ ಕಳಿಸಬೇಕು, ಲೆಕ್ಕ ಸಿಗುತ್ತೆ, ಹಾಗಾಗಿ ಹೊರಗಿನವರು ತಪ್ಪು ತೋರಿಸಬಹುದು. ನಾವು ಅಲ್ಲಿಂದ ತರಬೇಕಾದ್ದು ಇಷ್ಟು ಮಾತ್ರ.

ಎದುರು ವಾದಕ್ಕೂ ತೂಕ ಇದೆ

ರೈತನ ಕಡೆಯಿಂದ ನೋಡಿದರೆ ಧ್ವಜಕ್ಕಿಂತ ದಿನಾಂಕ ಮುಖ್ಯ. ಜುಲೈನಲ್ಲಿ ಮೇಲುಗೊಬ್ಬರ ಹಾಕೋ ಹೊತ್ತಿಗೆ 'ಗೊಬ್ಬರ ಬಂದೈತೇನ್ರಿ?' ಅಂತ ಸೊಸೈಟಿ ಮುಂದೆ ನಿಂತವರಿಗೆ ಹಡಗು ಪನಾಮಾದ್ದಾ ಭಾರತದ್ದಾ ಅನ್ನೋದು ಯಾಕೆ ಬೇಕು? ಸಿಎಫ್‌ಆರ್‌ನಲ್ಲಿ ತಡವಾದರೆ ಜವಾಬ್ದಾರಿ ಮಾರುವವನ ತಲೆ ಮೇಲೆ, ಒಂದೇ ಕರಾರು, ಕೆಲಸ ಬೇಗ. ಚೀಲದ ದರ ಬೇವಿನ ಲೇಪನ, ತೆರಿಗೆ ಬಿಟ್ಟು 242 ರೂಪಾಯಿಗೇ ನಿಂತಿರೋದರಿಂದ ಹಡಗಿನ ಬಾಡಿಗೆ ಏರಿದರೆ ಹೊರೆ ಸಬ್ಸಿಡಿ ಮೇಲೆ, ಅಂದರೆ ಖಜಾನೆ ಮೇಲೆ. ಶೇ 20 ದುಬಾರಿ ಹಡಗಿಗೆ ಖಜಾನೆ ಯಾಕೆ ತೆರಬೇಕು?

ನ್ಯಾಯವಾದ ಪ್ರಶ್ನೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೆಂಪು ಸಮುದ್ರದ ಬಿಕ್ಕಟ್ಟು ಶುರುವಾದ ಮೇಲೆ ಡಿಎಪಿ ಹಡಗುಗಳು ಆಫ್ರಿಕಾ ಸುತ್ತಿ ಸುಮಾರು 6,500 ಕಿ.ಮೀ. ಹೆಚ್ಚು ದೂರ ಬರಬೇಕಾಯಿತು ಅಂತ ಕೇಂದ್ರವೇ ಹೇಳಿದೆ. ಅಂಥ ಹೊತ್ತಲ್ಲಿ ವಿದೇಶಿ ಮಾಲಿಕ ಹೆಚ್ಚು ಬಾಡಿಗೆ ಕೊಡುವ ಕಡೆ ಹಡಗು ತಿರುಗಿಸುತ್ತಾನೆ. ನಿನ್ನ ಧ್ವಜದ ಹಡಗಿಗೆ ನೀನು ಆದೇಶ ಕೊಡಬಹುದು, ಬೇರೆಯವರ ಹಡಗಿಗೆ ಕೋರಿಕೆ ಮಾತ್ರ ಸಲ್ಲಿಸಬಹುದು. ಜತೆಗೆ ಆ ಹಡಗುಗಳ ಮೇಲಿನ ಕೆಲಸ, ತರಬೇತಿಯ ಜಾಗ ನಮ್ಮ ಹುಡುಗ ಹುಡುಗಿಯರದ್ದು.

ಈ ಎರಡು ವಾದಗಳಲ್ಲಿ ಯಾವುದು ಗೆಲ್ಲಬೇಕು ಅಂತ ನಾನಿಲ್ಲಿ ತೀರ್ಪು ಕೊಡ್ತಿಲ್ಲ. ಹಂಗಾಮಿನ ತುರ್ತಿಗೆ ಸಿಎಫ್‌ಆರ್ ಸರಿ ಅಂತ ಸರ್ಕಾರಕ್ಕೆ ಅನ್ನಿಸಿದರೆ ಹಾಗೇ ಮಾಡಲಿ, ಕಾರಣ ಬರೆದು ಎಲ್ಲರೂ ನೋಡುವಲ್ಲಿ ಹಾಕಲಿ. ನೀತಿ ಹಳತಾಗಿದ್ದರೆ ಸಂಸತ್ತಿನ ಮುಂದೆ ಹೋಗಿ ಬದಲಿಸಲಿ. ಭಾಷಣದಲ್ಲಿ ಆತ್ಮನಿರ್ಭರ, ಟೆಂಡರಿನಲ್ಲಿ ಇನ್ನೊಂದು, ನಡುವೆ ಯಾರಿಗೂ ಕಾಣದ ಫೈಲು ಅನ್ನೋದನ್ನ ಮಾತ್ರ ಒಪ್ಪೋಕಾಗಲ್ಲ.

ಏನು ಕೇಳಬಹುದು?

ಇದಕ್ಕೆ ಹೊಸ ಕಾನೂನು ಬರುವವರೆಗೂ ಕಾಯಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಸೆಕ್ಷನ್ ಪ್ರಕಾರ, ತಾನು ಕೊಟ್ಟ ರಿಯಾಯಿತಿ, ಪರವಾನಗಿ, ಅನುಮತಿ ಪಡೆದವರ ವಿವರವನ್ನು ಪ್ರತಿ ಸಾರ್ವಜನಿಕ ಪ್ರಾಧಿಕಾರ ಯಾರೂ ಕೇಳದಿದ್ದರೂ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಕೇಂದ್ರದ ಆರ್‌ಟಿಐ ಜಾಲತಾಣದಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಮೂರು ಕಚೇರಿಗೆ ಮೂರು ಪ್ರಶ್ನೆ:

ರಸಗೊಬ್ಬರ ಇಲಾಖೆಗೆ: ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಸರ್ಕಾರದ ಲೆಕ್ಕದಲ್ಲಿ ಬಂದ ಪ್ರತಿ ಯೂರಿಯಾ ಹಡಗಿನ ಹೆಸರು, ಧ್ವಜ, ಬಂದರು, ತೂಕ, ಕರಾರಿನ ಬಗೆ ಏನು? ಸಿಎಫ್‌ಆರ್ ಆಗಿದ್ದರೆ ನೌಕಾಯಾನ ಸಚಿವಾಲಯದ ಅನುಮತಿ ಪತ್ರದ ಪ್ರತಿ ಕೊಡಿ.

ಬಂದರು, ನೌಕಾಯಾನ ಮತ್ತು ಜಲಮಾರ್ಗ ಸಚಿವಾಲಯಕ್ಕೆ: ಎಫ್‌ಒಬಿ ನೀತಿಯಿಂದ ವಿನಾಯಿತಿ ಕೇಳಿ ಯಾವ ಇಲಾಖೆಯಿಂದ ಎಷ್ಟು ಅರ್ಜಿ ಬಂತು, ಎಷ್ಟು ಒಪ್ಪಿದಿರಿ, ಎಷ್ಟು ತಿರಸ್ಕರಿಸಿದಿರಿ? 1,624 ಕೋಟಿಯಲ್ಲಿ ವರ್ಷವಾರು ಎಷ್ಟು ಖರ್ಚಾಯಿತು? ಎರಡು ಪರಿಶೀಲನಾ ಸಮಿತಿಗಳ ಸಭೆಯ ನಡಾವಳಿ ಕೊಡಿ.

ಡಿಜಿ ಶಿಪ್ಪಿಂಗ್‌ಗೆ: ಭಾರತೀಯ ಹಡಗು ನಿರಾಕರಿಸಿದ ಮೇಲೆ ವಿದೇಶಿ ಹಡಗಿಗೆ ಕೊಟ್ಟ ಪರವಾನಗಿಗಳ ವರ್ಷವಾರು ಪಟ್ಟಿ, ಸರಕಿನ ಬಗೆಯ ಸಮೇತ.

'ವಾಣಿಜ್ಯ ಗೌಪ್ಯ' ಅಂತ ಉತ್ತರ ಬರಬಹುದು. ಮುಗಿದುಹೋದ ಕರಾರಿಗೆ, ದಡ ಸೇರಿ ಖಾಲಿಯಾದ ಹಡಗಿಗೆ ಆ ನೆಪ ಬಹಳ ಹೊತ್ತು ನಿಲ್ಲಲ್ಲ. ಮೊದಲ ಮೇಲ್ಮನವಿ ಹಾಕಿ. ನಿಮ್ಮ ಸಂಸದರಿಗೂ ಇದೇ ಪ್ರಶ್ನೆಗಳನ್ನು ಕೊಡಿ. ಲೋಕಸಭೆಯಲ್ಲಿ ಒಂದು ಚುಕ್ಕೆರಹಿತ ಪ್ರಶ್ನೆ ಕೇಳಿದರೆ ಸಾಕು, ಲಿಖಿತ ಉತ್ತರ ದಾಖಲೆಗೆ ಸೇರುತ್ತೆ.

ಒಂದು ಚೀಲಕ್ಕೆ ಹೆಬ್ಬೆಟ್ಟು ಕೇಳುವ ಸರ್ಕಾರದಿಂದ ಹತ್ತು ಲಕ್ಷ ಚೀಲ ಹೊತ್ತ ಹಡಗಿಗೆ ಒಂದು ಸಾಲಿನ ಲೆಕ್ಕ ಕೇಳೋದು ಅತಿಯಾಸೆ ಏನಲ್ಲ.